ಹೊಗೆ ಕಾರದ ಒಲೆಯ ಮೇಸ್ತ್ರಿ

ಹೆಗಲ ಮೇಲಿನ ಬಿಳಿ ಟವೆಲನ್ನು ಎರಡು ಮಡಿಕೆ ಮಾಡಿ, ಒಲೆಯ ಹೊಗೆಗೂಡಿನ ಬಾಯಿಗೆ ಹಿಡಿದು, ಅವರು ಇಪ್ಪತ್ತರವರೆಗೆ ಎಣಿಸುತ್ತಿದ್ದರು. ಅವಸರದಲ್ಲಿ ಅಲ್ಲ, ಒಂದು ಅಂಕಿಗೆ ಒಂದು ಉಸಿರು. ಇಪ್ಪತ್ತು ಮುಗಿದ ಮೇಲೆ ಟವೆಲನ್ನು ಬಿಡಿಸಿ, ಎದುರಿಗೆ ನಿಂತವರ ಮುಖದ ಹತ್ತಿರ ತಂದು, "ಎಲ್ಲೈತೆ ಮಸಿ? ತೋರಿಸ್ರಿ ನೋಡೋಣ" ಎನ್ನುತ್ತಿದ್ದರು. ಮಸಿ ಇರುತ್ತಿರಲಿಲ್ಲ. ಮೂರು ಸುಗ್ಗಿಗಳಲ್ಲಿ ನಾನು ಆ ಟವೆಲನ್ನು ಹದಿನೈದು ಸಲವಾದರೂ ನೋಡಿದ್ದೇನೆ. ಒಂದು ಸಲವೂ ಇರಲಿಲ್ಲ.

ಅವರು ಅಡಿಕೆ ಬೇಯಿಸುವ ಒಲೆ ಕಟ್ಟುತ್ತಿದ್ದ ಮೇಸ್ತ್ರಿ. ಹುಟ್ಟಿದ್ದು ಜಗಳೂರಿನ ಕಡೆ. ಮೊದಲು ಇಟ್ಟಿಗೆ ಗೂಡು ಸುಡುತ್ತಿದ್ದರಂತೆ. ಮದುವೆಯಾದ ಮೇಲೆ ಹೆಂಡತಿಯ ಊರಿಗೆ ಹತ್ತಿರವೆಂದು ಬಸವಾಪಟ್ಟಣದ ಹೊರಗೆ, ರಸ್ತೆ ಬದಿಯಲ್ಲಿ ಒಂದು ತಗಡಿನ ಶೆಡ್ಡು ಹಾಕಿಕೊಂಡರು. ಸುತ್ತಲಿನವರು ತಂದು ಸುರಿದ ಹಸಿ ಅಡಿಕೆಯನ್ನು ಅಲ್ಲಿ ಸುಲಿಸಿ, ಬೇಯಿಸಿ ಕೊಡುತ್ತಿದ್ದರು. ಸುಗ್ಗಿ ಇಲ್ಲದ ತಿಂಗಳುಗಳಲ್ಲಿ ಬೇರೆಯವರಿಗೆ ಒಲೆ ಕಟ್ಟಲು ಹೋಗುವರು: ಕತ್ತಲಗೆರೆ, ಸವಳಂಗ, ಹೊನ್ನಾಳಿಯ ಆಚೆಯ ಹಳ್ಳಿಗಳು, ಈಚೆಗೆ ಜಗಳೂರಿಗೂ. ಅವರ ಒಲೆ ಹೊಗೆ ಕಾರುವುದಿಲ್ಲ ಎಂಬ ಹೆಸರಿತ್ತು. ನನ್ನನ್ನು ಅವರ ಬಳಿಗೆ ಕರೆದೊಯ್ದದ್ದು ಆ ಹೆಸರೇ. ನನಗೆ ಇವತ್ತಿಗೂ ಸಿಟ್ಟು ಬರುವುದು ಆ ಹೆಸರಿನ ಮೇಲೆಯೇ.

ಅವರು ತೀರಿಕೊಂಡರೆಂದು ಗೊತ್ತಾದ ಮೇಲೆ, ನಾನು ಸಂಶೋಧನೆ ಮಾಡುವ ವಿಭಾಗದವರು ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡು ಎಂದು ಕೇಳಿದರು. ಏನು ಬರೆಯಬೇಕೆಂದೂ ಹೇಳಿದರು. ಲೇಸರಿಗಿಂತ ಚೆನ್ನಾಗಿ ಬೆಂಕಿಯನ್ನು ಓದಬಲ್ಲ ಹಳ್ಳಿಯ ಮನುಷ್ಯ, ಅವನ ಮುಂದೆ ತಲೆಬಾಗಿದ ಸಂಶೋಧಕಿ, ಹೀಗೆ ಏನಾದರೂ. ಓದಲು ಹಿತವಾಗಿರುತ್ತದೆ ಎಂದರು. ಹಿತವಾಗಿಯೇ ಇರುತ್ತಿತ್ತು, ಆದರೆ ನಿಜವಾಗಿರುತ್ತಿರಲಿಲ್ಲ. ಉರಿಯ ವಿಷಯದಲ್ಲಿ ಅವರಿಗೆ ನನಗಿಂತ ಹೆಚ್ಚು ಗೊತ್ತಿತ್ತು. ಉರಿ ಇಳಿದ ಮೇಲೆ ಏನಾಗುತ್ತದೆ ಎಂಬುದರಲ್ಲಿ ಅವರು ತಪ್ಪಿದ್ದರು. ಆ ತಪ್ಪು ತಿಳಿದಿದ್ದವಳು ಆ ಶೆಡ್ಡಿನಲ್ಲಿ ನಾನೊಬ್ಬಳೇ. ಸಂಚಿಕೆಗೆ ಆಗುವುದಿಲ್ಲವೆಂದು ಹೇಳಿ ಇದನ್ನು ಬೇರೆಯಾಗಿ ಬರೆಯುತ್ತಿದ್ದೇನೆ. ಅವರ ಹೆಸರನ್ನು ಬರೆಯುವುದಿಲ್ಲ. ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು, ಹೆಂಡತಿಯೂ.

ನನ್ನ ಕೆಲಸ ಇಷ್ಟು. ಪ್ರತಿಯೊಂದು ಅನಿಲದ ಅಣುವೂ ಬೆಳಕಿನ ಕೆಲವೇ ಅಲೆಯುದ್ದಗಳನ್ನು ನುಂಗುತ್ತದೆ. ಅವುಗಳಲ್ಲಿ ಹೆಚ್ಚಿನವು ಕಣ್ಣಿಗೆ ಕಾಣದ ಅವಕೆಂಪು ಭಾಗದಲ್ಲಿವೆ. ಬೆಂಕಿಯ ಒಂದು ಬದಿಯಿಂದ ಅವಕೆಂಪು ಲೇಸರನ್ನು ಹಾಯಿಸಿ, ಅದರ ಅಲೆಯುದ್ದವನ್ನು ಸ್ವಲ್ಪ ಸ್ವಲ್ಪವೇ ಬದಲಿಸುತ್ತ, ಇನ್ನೊಂದು ಬದಿಗೆ ಎಷ್ಟು ಬೆಳಕು ತಲುಪಿತೆಂದು ಅಳೆಯಬೇಕು. ಪರದೆಯ ಮೇಲಿನ ಗೆರೆಯಲ್ಲಿ ತಗ್ಗು ಎಲ್ಲಿ ಬಿದ್ದಿದೆ ಎಂಬುದರಿಂದ ಯಾವ ಅನಿಲವೆಂದೂ, ಎಷ್ಟು ಆಳಕ್ಕೆ ಬಿದ್ದಿದೆ ಎಂಬುದರಿಂದ ಎಷ್ಟು ಅನಿಲವೆಂದೂ ತಿಳಿಯುತ್ತದೆ. ನಾನು ಹುಡುಕುತ್ತಿದ್ದದ್ದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಿನ ಜೊತೆ ಒಳಗೆ ಹೋಗಿ, ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಕೂರುತ್ತದೆ. ಪ್ರಯೋಗಾಲಯದ ಅಚ್ಚುಕಟ್ಟಾದ ಜ್ವಾಲೆಗಳನ್ನು ಅಳೆದವರು ಬಹಳ ಜನ. ಅಡಿಕೆ ಸಿಪ್ಪೆ ಉರಿಯುವ ನಿಜವಾದ ಒಲೆಯಲ್ಲಿ ಅಳೆಯಬೇಕೆಂಬುದು ನಮ್ಮ ಯೋಜನೆ. ಯೋಜನೆ ಬರೆದವರು ನನ್ನ ಮಾರ್ಗದರ್ಶಕರು. ಶೆಡ್ಡಿಗೆ ಬಂದದ್ದು ನಾನು.

ಮೊದಲ ದಿನವೇ ಕಷ್ಟದ ಮಾತು ಆಡಬೇಕಾಯಿತು. ಲೇಸರ್ ಹಾಯಬೇಕಾದರೆ ಒಲೆಯ ಎರಡೂ ಗೋಡೆಗೆ ತೂತು ಬೇಕು.

"ಎಷ್ಟು ಅಗಲ?" ಎಂದು ಕೇಳಿದರು.

"ಸುಮಾರು ಎರಡು ಇಂಚು."

"ಸುಮಾರು ಅನ್ನೋ ಮಾತು ನನ್ನ ಕೆಲಸದಾಗೆ ಇಲ್ಲ ಮೇಡಮ್ಮ. ಎರಡಾ, ಎರಡೂಕಾಲಾ?"

"ಎರಡು."

"ಹಂಗೆ ಹೇಳ್ರಿ ಮತ್ತೆ."

ಅವರ ಹೆಂಡತಿ ಗಂಗಮ್ಮ ಅಡಿಕೆ ರಾಶಿಯ ಹತ್ತಿರದಿಂದಲೇ ಕೂಗಿದರು: "ನಾನು ಗೋಡೆಗೆ ಒಂದು ಮೊಳೆ ಹೊಡಿ ಅಂತ ಮೂರು ವರ್ಷದಿಂದ ಬಡ್ಕೊಂತೀನಿ. ಮೇಡಮ್ಮ ಬಂದು ಒಲೆಗೇ ತೂತು ಅಂದ್ರೆ ಹ್ಞೂಂ ಅಂತಾನೆ."

ಅವರು ಒಂದು ದಾರವನ್ನು ಕೆಮ್ಮಣ್ಣಿನ ನೀರಿನಲ್ಲಿ ಅದ್ದಿ, ಒಲೆಯ ಬಾಯಿಂದ ಅಳೆದು, ಎರಡೂ ಗೋಡೆಗೆ ಗೆರೆ ಹೊಡೆದರು. ಅರ್ಧ ದಿನ ಉಳಿ ಹಿಡಿದು ಕೂತರು. ಲೇಸರ್ ಕಾಣುವುದಿಲ್ಲವಾದ್ದರಿಂದ, ದಾರಿ ಸರಿಯಿದೆಯೇ ಎಂದು ನೋಡಲು ನಾವು ಜೊತೆಗೊಂದು ಕೆಂಪು ಬೆಳಕನ್ನು ಬಿಡುತ್ತೇವೆ. ಅದು ಮೊದಲ ಸಲಕ್ಕೇ ಒಂದು ತೂತಿನಿಂದ ಹೊಕ್ಕು ಇನ್ನೊಂದರ ನಟ್ಟನಡುವೆ ಹೊರಗೆ ಬಂತು. ಪ್ರಯೋಗಾಲಯದಲ್ಲಿ ಅಷ್ಟೇ ಕೆಲಸಕ್ಕೆ ನಾನು ಎರಡು ದಿನ ತೆಗೆದುಕೊಂಡಿದ್ದೆ. ನನ್ನಲ್ಲಿ ಮೊದಲು ಹುಟ್ಟಿದ್ದು ಮೆಚ್ಚುಗೆಯಲ್ಲ, ಹೊಟ್ಟೆಕಿಚ್ಚು.

"ಇದೇನಾ ನಿಮ್ಮ ಬೆಳಕು?" ಎಂದು ಕೆಂಪು ಚುಕ್ಕೆಯನ್ನು ತೋರಿಸಿ ಕೇಳಿದರು.

"ಅಲ್ಲ. ಅಳೆಯೋ ಬೆಳಕು ಕಾಣಲ್ಲ."

"ಹಿಡಿಯೋ ಗಾಳಿ?"

"ಅದೂ ಕಾಣಲ್ಲ."

"ನಿಮ್ಮ ಮೇಷ್ಟ್ರು?"

ಸುಲಿಯುತ್ತಿದ್ದ ಹೆಂಗಸರೆಲ್ಲ ನಕ್ಕರು. ನನ್ನ ಮಾರ್ಗದರ್ಶಕರು ಆ ವಾರ ಬರುತ್ತೇನೆಂದು ಎರಡು ಸಲ ಹೇಳಿ ಬಂದಿರಲಿಲ್ಲ. ನಾನು ನಗಲಿಲ್ಲ. ನಗಬಹುದಿತ್ತು.

ಅವರ ಜೊತೆ ಕೆಲಸ ಮಾಡುವುದು ಸುಲಭವಾಗಿರಲಿಲ್ಲ. ನನ್ನ ಉಪಕರಣದ ಪ್ಲಗ್ಗನ್ನು ಕಿತ್ತು ತಮ್ಮ ಮೊಬೈಲಿಗೆ ಹಾಕುವರು. "ನಿಮ್ದು ಸುಮ್ನೆ ನಿಂತೈತಲ್ಲ" ಎನ್ನುವರು. ಒಂದು ಬೆಳಿಗ್ಗೆ ನಾನು ಬರುವ ಮೊದಲೇ ನೆಲ ಗುಡಿಸಿದ್ದರು. ಗುಡಿಸಲು ಲೇಸರ್ ಕೂರಿಸಿದ್ದ ಮುಕ್ಕಾಲಿಯನ್ನು ಎತ್ತಿ, ಮತ್ತೆ ಇಟ್ಟಿದ್ದರು. ಸಂಜೆಯವರೆಗೂ ಸಿಗ್ನಲ್ ಸಿಗಲಿಲ್ಲ.

"ಎತ್ತಿದ ಜಾಗಕ್ಕೇ ಇಟ್ಟೀನಿ."

"ಕೂದಲಿನಷ್ಟು ಹೆಚ್ಚುಕಮ್ಮಿ ಆದ್ರೂ ಆಗಲ್ಲ ಮೇಸ್ತ್ರಿ."

"ಕೂದಲಿನಷ್ಟು?" ಅವರ ಮುಖ ಗಂಟಾಯಿತು. ಅವರಿಗೆ ಬೇಸರವಾದದ್ದು ನನ್ನ ದಿನ ಹಾಳಾಯಿತೆಂದು ಅಲ್ಲ, ಅವರ ಕೈ ಕೂದಲಿನಷ್ಟು ತಪ್ಪಿತೆಂದು. ಮರುದಿನ ನೋಡಿದರೆ ಮುಕ್ಕಾಲಿಯ ಮೂರೂ ಕಾಲಿನ ಸುತ್ತ ನೆಲವನ್ನು ಕೊರೆದು ಸಿಮೆಂಟಿನ ಗುಳಿ ಮಾಡಿದ್ದರು. ಇನ್ನು ಅದನ್ನು ತಪ್ಪಾಗಿ ಇಡುವುದು ಯಾರಿಗೂ ಸಾಧ್ಯವಿರಲಿಲ್ಲ. ನನ್ನನ್ನು ಕೇಳಿರಲಿಲ್ಲ, ಅಷ್ಟೆ.

ಆಯುಧಪೂಜೆಯ ದಿನ ನನ್ನ ಪೆಟ್ಟಿಗೆಗೂ ವಿಭೂತಿ ಹಚ್ಚಬೇಕೆಂದು ಹಟ ಹಿಡಿದರು. ಗಾಜಿಗೆ ತಗುಲಿದರೆ ಆ ವರ್ಷದ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ನಾನು ಅಡ್ಡ ನಿಂತೆ. ಅವರು ತಾಳ್ಮೆಯಿಂದ, "ಇದರ ಕಣ್ಣು ಯಾವ ಕಡೆ ಐತೆ, ಅಷ್ಟು ಹೇಳ್ರಿ. ಕಣ್ಣು ಬಿಟ್ಟು ಬೆನ್ನಿಗೆ ಹಚ್ತೀನಿ" ಎಂದರು. ಬೆನ್ನಿಗೆ ಹಚ್ಚಿದರು. ಕರ್ಪೂರವನ್ನು ಮಾತ್ರ ಶೆಡ್ಡಿನ ಹೊರಗೆ ಬೆಳಗಿದರು. ಕರ್ಪೂರದ ಆವಿಯೂ ಲೇಸರಿಗೆ ಕಾಣುತ್ತದೆಂದು ನಾನು ಯಾವತ್ತೋ ಹೇಳಿದ್ದನ್ನು ನೆನಪಿಟ್ಟುಕೊಂಡಿದ್ದರು. ಹೇಳಿದ್ದನ್ನು ಅವರು ಮರೆಯುತ್ತಿರಲಿಲ್ಲ. ಇದನ್ನು ಓದುವವರು ದಯವಿಟ್ಟು ಗಮನಿಸಬೇಕು. ಹೇಳಿದರೆ ಕೇಳದ ಮನುಷ್ಯ ಅವರಲ್ಲ.

ಬೆಂಕಿಯ ಮುಂದೆ ಅವರು ಮಾತಾಡುತ್ತಿರಲಿಲ್ಲ. ಸಿಪ್ಪೆಯನ್ನು ಹಿಡಿ ಹಿಡಿಯಾಗಿ, ಒಲೆಯ ಒಳಗೋಡೆಗೆ ತಾಗಿಸಿ ಹಾಕುವರು. ಬೇರೆಯವರಿಗೆ ಹಾಕಲು ಬಿಡರು. ಉರಿ ಚಟಪಟ ಅಂದರೆ ಸಿಪ್ಪೆ ಹಸಿ, ಬುಸುಗುಟ್ಟಿದರೆ ಗಾಳಿ ಹೆಚ್ಚು; ಸದ್ದೇ ಇರಬಾರದು. ಅವರು ಸರಿ ಎಂದು ತಲೆಯಾಡಿಸಿದ ಉರಿಯಲ್ಲಿ ನನ್ನ ಗೆರೆಯ ತಗ್ಗು ಬಹಳ ಸಣ್ಣದಿರುತ್ತಿತ್ತು. ಅಂದರೆ ಎಲ್ಲವೂ ಪೂರ್ತಿ ಉರಿಯುತ್ತಿತ್ತು, ಮಾನಾಕ್ಸೈಡ್ ಕಡಿಮೆ. ಇಷ್ಟರ ಮಟ್ಟಿಗೆ ಸ್ಮರಣ ಸಂಚಿಕೆಯವರು ಕೇಳಿದ್ದು ಸರಿ.

ತೊಂದರೆ ಇದ್ದದ್ದು ಮಧ್ಯಾಹ್ನದಲ್ಲಿ.

ಬೆಳಗಿನ ಹಂಡೆ ಇಳಿದು ಮಧ್ಯಾಹ್ನದ ಹಂಡೆ ಏರುವವರೆಗೆ ಎರಡು ಗಂಟೆ ಬಿಡುವು. ಅಷ್ಟರಲ್ಲಿ ಒಲೆ ಆರಿದರೆ ಮತ್ತೆ ಕಾಯಿಸಲು ಹೊತ್ತು ಹಿಡಿಯುತ್ತದೆ. ಅದಕ್ಕೆ ಅವರು ಬೆಂಕಿಯನ್ನು ಮಲಗಿಸುತ್ತಿದ್ದರು. ಮಲಗಿಸುವುದೆಂಬ ಮಾತು ಅವರದೇ. ಒಲೆ ತುಂಬ ಸಿಪ್ಪೆ ಹಾಕಿ, ಅದರ ಹೊಗೆಯೆಲ್ಲ ಹೋಗಿ ಬರೀ ಕೆಂಡ ಆಗುವವರೆಗೆ ಕಾದು, ಬಾಯಿಗೆ ತಗಡು ಮುಚ್ಚಿ, ಅಂಚಿಗೆ ಹಸಿ ಬೂದಿ ಮೆತ್ತಿ, ಹೊಗೆಗೂಡಿಗೆ ಕಲ್ಲಿನ ಹಲಗೆ ಎಳೆಯುವರು. ಆಮೇಲೆ ಗಾಳಿಗೆ ಬೂದಿ ಏಳದಂತೆ ಶೆಡ್ಡಿನ ಪಡುವಣ ಬದಿಯ ತಾಡಪಾಲನ್ನು ಇಳಿಸಿ ಕಟ್ಟುವರು. ಹೊರಗೆ ಜಿಟಿಜಿಟಿ ಮಳೆ. ಒಳಗೆ ಬೆಚ್ಚಗೆ, ಒಂದು ಎಳೆ ಹೊಗೆಯಿಲ್ಲ. ಹೆಂಗಸರು ಬುತ್ತಿ ಬಿಚ್ಚಿ ಉಂಡು, ಅಡಿಕೆ ಸುಲಿಯುವ ಮೆಟ್ಟುಗತ್ತಿಗಳನ್ನು ಒಲೆಯ ಹತ್ತಿರಕ್ಕೆ ಎಳೆದುಕೊಂಡು ಸುಲಿಯುತ್ತ ಕೂರುವರು. ಒಲೆಗೆ ಎಲ್ಲರಿಗಿಂತ ಹತ್ತಿರದ ಜಾಗ ರೇಣುಕಾಳದು. ಇಪ್ಪತ್ತೆಂಟು ವರ್ಷ ಇರಬಹುದು, ಕೈ ಚುರುಕು. ಮಧ್ಯಾಹ್ನ ಮೂರರ ಹೊತ್ತಿಗೆ ದಿನವೂ ತಲೆಗೆ ಬಟ್ಟೆ ಬಿಗಿದು ಕಟ್ಟಿಕೊಳ್ಳುವಳು.

"ತಲೆ ದಿಮ್ ಅಂತೈತ್ರಿ," ಎನ್ನುವಳು.

"ಪಿತ್ತ ಅದು. ಬೆಳಿಗ್ಗೆ ಉಣ್ಣದೆ ಬರ್ತೀಯ," ಎನ್ನುವರು ಗಂಗಮ್ಮ. ನಿಂಬೆಹಣ್ಣು ಹಿಂಡಿ ಕೊಡುವರು. ಮೇಸ್ತ್ರಿ ಟವೆಲ್ ಹಾಸಿಕೊಂಡು ಅಲ್ಲೇ ಒರಗಿರುವರು. ಕೆಲವು ದಿನ ಎದ್ದಾಗ ಅವರಿಗೂ ತಲೆ ಭಾರವಿರುತ್ತಿತ್ತು. ಹಗಲುನಿದ್ದೆ ಆಗಿಬರಲ್ಲ ಎನ್ನುವರು.

ಮೊದಲ ಸುಗ್ಗಿಯಲ್ಲಿ, ಬೆಂಕಿ ಮಲಗಿಸಿದ ಹೊತ್ತಿನಲ್ಲಿ, ನನ್ನ ಪರದೆಯ ಗೆರೆ ನೆಲಕ್ಕೆ ಬೀಳುತ್ತಿತ್ತು. ತಗ್ಗು ಆಳವಾಗುತ್ತ ಹೋಗಿ ಸೊನ್ನೆ ಮುಟ್ಟಿ ಅಲ್ಲೇ ಚಪ್ಪಟೆಯಾಗುತ್ತಿತ್ತು. ನಾನು ಅದನ್ನು ಉಪಕರಣದ ದೋಷವೆಂದುಕೊಂಡೆ. ಗಾಜಿಗೆ ಟಾರು ಹಿಡಿದಿರಬೇಕು, ದಾರಿ ತಪ್ಪಿರಬೇಕು. ದಿನವೂ ಗಾಜು ಒರೆಸಿದೆ. ಮಧ್ಯಾಹ್ನದ ದತ್ತಾಂಶದ ಮುಂದೆಲ್ಲ "ದೋಷಪೂರಿತ" ಎಂದು ಬರೆದು ಪಕ್ಕಕ್ಕಿಟ್ಟೆ. ಸುಗ್ಗಿ ಮುಗಿದು ನ್ಯಾಮತಿಯ ನಮ್ಮ ಮನೆಯಲ್ಲಿ ಕೂತು ಮತ್ತೆ ನೋಡುವಾಗ ಗೊತ್ತಾಯಿತು. ಗೆರೆ ಸೊನ್ನೆ ಮುಟ್ಟಿದ್ದು ಆ ಒಂದು ಅಲೆಯುದ್ದದಲ್ಲಿ ಮಾತ್ರ. ಅಕ್ಕಪಕ್ಕ ಬೆಳಕು ಚೆನ್ನಾಗಿಯೇ ಬರುತ್ತಿತ್ತು. ಗಾಜು ಕೊಳೆಯಾಗಿದ್ದರೆ ಎಲ್ಲವೂ ಮಂಕಾಗಬೇಕಿತ್ತು. ಬೆಳಕು ದಾರಿ ತಪ್ಪಿರಲಿಲ್ಲ. ಕೆಂಡದ ಮೇಲೆ ತುಂಬಿದ್ದ ಮಾನಾಕ್ಸೈಡ್ ಅದನ್ನು ಪೂರ್ತಿ ನುಂಗಿತ್ತು.

ಆ ದಿನವೇ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಪೂರ್ತಿ ನುಂಗಿದ ಗೆರೆಯಿಂದ "ಇಷ್ಟಕ್ಕಿಂತ ಹೆಚ್ಚು" ಎನ್ನಬಹುದೇ ಹೊರತು "ಇಷ್ಟು" ಎನ್ನಲಾಗುವುದಿಲ್ಲ. ನನಗೆ ಇಷ್ಟು ಎಂಬುದು ಬೇಕಿತ್ತು. ಎರಡನೇ ಸುಗ್ಗಿ, ಕಡಿಮೆ ಬೆಳಕು ನುಂಗುವ ಇನ್ನೊಂದು ಅಲೆಯುದ್ದವನ್ನು ಆರಿಸಿ ಒಲೆಯ ಒಳಗಿನದನ್ನು ಅಳೆಯುವುದರಲ್ಲಿ ಕಳೆಯಿತು. ಮಾರ್ಗದರ್ಶಕರು, "ಒಲೆಯ ಒಳಗಿರುವುದು ಒಳಗೇ ಇರುತ್ತದೆ. ಹೊರಗೆ ಬರುತ್ತಿದೆ ಎನ್ನಲು ನಿನ್ನ ಬಳಿ ಏನಿದೆ?" ಎಂದರು. ನ್ಯಾಯವಾದ ಪ್ರಶ್ನೆಯೇ. ಹೊಗೆಗೂಡಿಗೆ ಕಲ್ಲು ಎಳೆದ ಮೇಲೆ ಅದು ಇನ್ನೆಲ್ಲಿಗೆ ಹೋಗುತ್ತದೆ ಎಂದು ಕೇಳುವ ಧೈರ್ಯವಾಗಲಿಲ್ಲ. ಮೂರನೇ ಸುಗ್ಗಿಯಲ್ಲಿ ಲೇಸರನ್ನು ಒಲೆಯಿಂದ ತೆಗೆದು, ಹೆಂಗಸರು ಕೂರುವ ಎತ್ತರದಲ್ಲಿ, ಶೆಡ್ಡಿನ ಈ ಗೋಡೆಯಿಂದ ಆ ಗೋಡೆಗೆ ಹಾಯಿಸಿದೆ. ಹಬೆ ಅಡ್ಡ ಬಂತು. ಕರೆಂಟ್ ಹೋಯಿತು. ಜನರೇಟರಿನ ನಡುಕಕ್ಕೆ ಗೆರೆ ಕುಣಿಯಿತು. ಕೊನೆಗೆ ಒಂದು ಮಧ್ಯಾಹ್ನ, ಮಳೆ ನಿಂತ ಅರ್ಧ ಗಂಟೆಯಲ್ಲಿ, ಸ್ವಚ್ಛವಾದ ಗೆರೆ ಬಂತು. ಬಯಲಿನ ಗಾಳಿಯಲ್ಲಿ ತಗ್ಗೇ ಕಾಣದ ಜಾಗದಲ್ಲಿ ಒಳ್ಳೆಯ ತಗ್ಗು. ಅದು ರೇಣುಕಾಳ ಮೂಗಿನ ಎತ್ತರದ ಗಾಳಿ.

ಅಂಗಡಿಯಲ್ಲಿ ಸಿಗುವ ಚಿಕ್ಕ ಮೀಟರೊಂದನ್ನು ತಂದು ಗೋಡೆಗೆ ತೂಗುಹಾಕಿದ್ದರೆ ಮೊದಲ ವಾರವೇ ಅದು ಕೂಗಿಕೊಳ್ಳುತ್ತಿತ್ತೇನೋ. ನನಗೆ ಹೊಳೆಯಲಿಲ್ಲವೆಂದಲ್ಲ. ನನ್ನ ಸಂಶೋಧನಾ ಪ್ರಬಂಧಕ್ಕೆ ಅದು ಬೇಕಿರಲಿಲ್ಲ.

ಆ ದಿನ ಮೇಸ್ತ್ರಿಗೆ ಹೇಳಿದೆ. ಹೇಗೆ ಹೇಳಿದೆ ಎಂಬುದು ಶಬ್ದಶಬ್ದವೂ ನೆನಪಿದೆ. ಹಾಗಾಗಿಯೇ ನನಗೆ ಬಿಡುಗಡೆಯಿಲ್ಲ.

"ಮೇಸ್ತ್ರಿ, ಬೆಂಕಿ ಮಲಗಿಸಿದಾಗ ಶೆಡ್ಡಿನೊಳಗೆ ಒಂದು ಅನಿಲ ಸ್ವಲ್ಪ ಹೆಚ್ಚಿರೋ ಸಾಧ್ಯತೆ ಇದೆ ಅನಿಸುತ್ತೆ."

ಅವರು ಟವೆಲ್ ತೆಗೆದರು. ತಗಡಿನ ಅಂಚಿಗೆ ಹಿಡಿದರು. ಇಪ್ಪತ್ತು ಎಣಿಸಿದರು. "ಎಲ್ಲೈತೆ?"

"ಅದು ಬಟ್ಟೆಗೆ ಹತ್ತಲ್ಲ. ಮಸಿ ಬೇರೆ, ಇದು ಬೇರೆ."

"ಹೊಗೆ ಇಲ್ದೆ ಬೆಂಕಿಯಿಂದ ಕೆಟ್ಟದ್ದು ಬರಾಕೆ ಹೆಂಗೆ ಸಾಧ್ಯ? ಮೂವತ್ತು ವರ್ಷ ಆತು ನಾನು ಒಲೆ ಕಟ್ಟಾಕೆ ಹತ್ತಿ. ಒಬ್ರು ಕಣ್ಣು ಉಜ್ಜಿಕೊಂಡಿಲ್ಲ ನನ್ನ ಶೆಡ್ಡಿನಾಗೆ."

"ಕಣ್ಣಿಗೆ ಉರಿ ಬರಲ್ಲ ಮೇಸ್ತ್ರಿ. ತಲೆನೋವು ಬರುತ್ತೆ."

ರೇಣುಕಾಳ ಕಡೆ ನೋಡಿದರು. ಅವಳು ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ಅವರ ಮುಖದಲ್ಲಿ ಏನೋ ಸರಿಯಿತು. ಟವೆಲನ್ನು ಹೆಗಲಿಗೆ ಹಾಕಿಕೊಂಡು, ಗೋಡೆಗೆ ತೂತು ಕೊರೆಯುವಾಗ ಕೇಳಿದ್ದ ಅದೇ ದನಿಯಲ್ಲಿ ಕೇಳಿದರು: "ಎಷ್ಟೈತೆ? ಅಲ್ಲಿ ಕೂತ್ರೆ ಏನಾಗ್ತೈತೆ? ಒಂದು ಮಾತು ಹೇಳ್ರಿ. ಹಲಗೆ ತೆಗಿ ಅಂದ್ರೆ ತೆಗೀತೀನಿ. ಆದ್ರೆ ಹಲಗೆ ತೆಗೆದ್ರೆ ಬೆಂಕಿ ಮಲಗಲ್ಲ, ಹೆಂಗಸರು ಮಳ್ಯಾಗೆ ಹೊರಗೆ ಕೂರಬೇಕು. ಸುಮ್ಸುಮ್ನೆ ಎಬ್ಬಿಸಾಕೆ ಆಗಲ್ಲ. ಅಳತೆ ಹೇಳ್ರಿ."

ಉಪಕರಣವನ್ನು ಹೊಂದಿಸಲು, ಒಳಗೆ ಎಷ್ಟು ಅನಿಲವಿದೆ ಎಂದು ಮೊದಲೇ ಗೊತ್ತಿರುವ ಒಂದು ಸಿಲಿಂಡರ್ ಬೇಕು. ಅದನ್ನು ತರಿಸಲು ಬರೆದ ಪತ್ರ ವಿಭಾಗದ ಯಾವುದೋ ಮೇಜಿನ ಮೇಲೆ ಎಂಟು ತಿಂಗಳಿಂದ ಇತ್ತು. ಅದಿಲ್ಲದೆ ನನ್ನ ಅಂಕಿ ಎಷ್ಟು ಹೆಚ್ಚುಕಡಿಮೆಯೋ ಹೇಳಲಾಗುತ್ತಿರಲಿಲ್ಲ. ಆದರೆ ಎಷ್ಟೇ ಹೆಚ್ಚುಕಡಿಮೆಯಾದರೂ ಅದು ಯಾರೂ ಎರಡು ಗಂಟೆ ಕೂರಬಾರದ ಗಾಳಿ ಎಂಬುದು ನನಗೆ ತಿಳಿದಿತ್ತು.

"ಇನ್ನೂ ಖಚಿತವಾಗಿಲ್ಲ ಮೇಸ್ತ್ರಿ. ಮುಂದಿನ ಸುಗ್ಗಿಗೆ ಹೇಳ್ತೀನಿ," ಎಂದೆ.

ಅವರು ತಲೆಯಾಡಿಸಿದರು. ಆ ಉತ್ತರವನ್ನು ಗೌರವಿಸಿದರು. ಅದೇ ನನ್ನನ್ನು ಕೊಲ್ಲುವುದು. ಸುಮಾರು ಎಂಬ ಮಾತನ್ನು ಸಹಿಸದ ಅವರಿಗೆ, ಖಚಿತವಾಗುವವರೆಗೆ ಬಾಯಿ ಬಿಡದ ನಾನು ಸರಿಯಾದವಳಾಗಿ ಕಂಡೆ. ಹೆಂಗಸರ ಕಡೆ ತಿರುಗಿ, "ನೋಡ್ರಿ, ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಅಂತಾರೆ. ನಿಮ್ಮಂಗೆ ಅಂದಾಜಿನಾಗೆ ಊರು ತಿರುಗಾಡ್ಸಲ್ಲ" ಎಂದರು. ಮೂರು ವರ್ಷದಲ್ಲಿ ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ.

ಈ ಸುಗ್ಗಿ ಶುರುವಾದಾಗ, ಬರುತ್ತೇನೆಂದು ಹೇಳಲು ಅವರ ನಂಬರಿಗೆ ಫೋನ್ ಮಾಡಿದೆ. ಗಂಗಮ್ಮ ಎತ್ತಿದರು. ಬೇಸಿಗೆಯಲ್ಲಿ ಜಗಳೂರಿನಲ್ಲಿ ಹೊಸ ಒಲೆಯೊಂದಕ್ಕೆ ಪಾಯ ಹಾಕುವಾಗ ಎದೆ ಹಿಡಿದುಕೊಂಡು ಕೂತರಂತೆ. ಮತ್ತೆ ಏಳಲಿಲ್ಲವಂತೆ. ಅವರ ಎದೆಗೂ ಮೂವತ್ತು ವರ್ಷದ ಮಧ್ಯಾಹ್ನಗಳಿಗೂ ಸಂಬಂಧವಿತ್ತೇ ಎಂದು ನನಗೆ ತಿಳಿಯದು. ಯಾರೂ ಅಳೆದಿಲ್ಲ.

ಮರುವಾರ ನ್ಯಾಮತಿಯಿಂದ ಹೊರಟು, ಹೊನ್ನಾಳಿಯಲ್ಲಿ ಬಸ್ಸು ಬದಲಿಸಿ ಶೆಡ್ಡಿಗೆ ಹೋದೆ. ಮಧ್ಯಾಹ್ನವಾಗಿತ್ತು. ನಾನು ನೋಡನೋಡುತ್ತಿದ್ದಂತೆ ಗಂಗಮ್ಮ ತಗಡು ಮುಚ್ಚಿದರು, ಬೂದಿ ಮೆತ್ತಿದರು, ಹಲಗೆ ಎಳೆದರು, ತಾಡಪಾಲಿನ ಹಗ್ಗಕ್ಕೆ ಮೇಸ್ತ್ರಿ ಹಾಕುತ್ತಿದ್ದಂಥದೇ ಗಂಟು ಹಾಕಿದರು. ಎಲ್ಲ ಮುಗಿಸಿ, ಸೆರಗಿನಿಂದ ಕೈ ಒರೆಸಿಕೊಂಡು ನನ್ನನ್ನು ನೋಡಿದರು. ಪರೀಕ್ಷೆ ಬರೆದು ಬಂದವರ ಮುಖವಿತ್ತು ಅವರದು.

"ಹೆಂಗೈತೆ? ಒಂದಿಷ್ಟೂ ಬದಲು ಮಾಡಿಲ್ಲ ನಾನು. ಅವ್ರು ಬಂದು ನೋಡಿದ್ರೂ ಬೈಯಾಕೆ ಏನೂ ಸಿಗಬಾರದು."

ನಾನು ಸರಿಯಾಗಿದೆ ಎಂದೆ. ಹೌದು, ಹಾಗೆಯೇ ಎಂದೆ.

"ಜಗಳೂರಿಗೆ ಹೋಗೋ ಹಿಂದಿನ ದಿನಾನೂ ನಿನ್ನ ಮಾತು ಬಂದಿತ್ತು. ಮೇಡಮ್ಮ ಈ ಸುಗ್ಗಿಗೆ ಏನೋ ಹೇಳ್ತೀನಿ ಅಂದಾಳೆ, ಅವಳು ಹೇಳಿದ ಮ್ಯಾಲೆ ಒಲೆ ನೋಡೋಣ ಅಂತಿದ್ರು. ಏನದು?"

"ವರದಿ ಬರೀತಾ ಇದೀನಿ," ಎಂದೆ. ಸಿಲಿಂಡರ್ ಆಗಲೂ ಬಂದಿರಲಿಲ್ಲ.

ಅಷ್ಟರಲ್ಲಿ ರೇಣುಕಾ ಎದ್ದು ನಿಂತಳು. ಎರಡು ಹೆಜ್ಜೆ ಇಟ್ಟು ಕಂಬ ಹಿಡಿದುಕೊಂಡಳು. ನಾನು ಹಿಡಿದುಕೊಂಡು ಹೊರಗೆ ಕರೆದೊಯ್ದೆ. ರಸ್ತೆಯ ಅಂಚಿನಲ್ಲಿ ಕೂತು ವಾಂತಿ ಮಾಡಿದಳು. ಕಾಲು ಗಂಟೆ ಗಾಳಿಗೆ ಕೂತ ಮೇಲೆ ಮುಖಕ್ಕೆ ಬಣ್ಣ ಬಂತು. "ಪಿತ್ತ," ಎಂದು ನಕ್ಕು ಮತ್ತೆ ಒಳಗೆ ಹೋಗಲು ಎದ್ದಳು. ಇನ್ನೂ ಸ್ವಲ್ಪ ಹೊತ್ತು ಕೂರು ಎಂದೆ. ಯಾಕೆ ಎಂದು ಹೇಳಲಿಲ್ಲ. ಗಂಡ ಕಲಿಸಿದ್ದನ್ನು ಒಂದಿಷ್ಟೂ ಬದಲಿಸಿಲ್ಲವೆಂದು ಹೆಮ್ಮೆಪಡುವ ಹೆಂಗಸಿನ ಮುಂದೆ, ಅದು ವಿಷವೆಂದು ಹೇಗೆ ಹೇಳಲಿ ಎಂಬುದು ನಾನು ನನಗೇ ಕೊಟ್ಟುಕೊಂಡ ಕಾರಣ. ನಾಲ್ಕರ ಬಸ್ಸಿಗೆ ಹೊರಟೆ. ಕಿಟಕಿಯ ಹೊರಗೆ ನೋಡುತ್ತಿದ್ದಾಗ ನನಗೆ ಮೇಸ್ತ್ರಿಯ ಮೇಲೆ ಸಿಟ್ಟು ಬಂತು. ಅವರ ಟವೆಲಿನ ಮೇಲೆ, ಅವರ ಇಪ್ಪತ್ತರ ಎಣಿಕೆಯ ಮೇಲೆ, ಕಾಣದ್ದು ಇಲ್ಲ ಎಂಬ ಅವರ ಹಟದ ಮೇಲೆ. ಹೊನ್ನಾಳಿಯಲ್ಲಿ ಇಳಿಯುವ ಹೊತ್ತಿಗೆ ಆ ಸಿಟ್ಟು ಉಳಿಯಲಿಲ್ಲ. ಅವರು ಕೇಳಿದ್ದು ಒಂದು ಮಾತು. ನಾನು ಕೊಟ್ಟಿರಲಿಲ್ಲ.

ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ವಾಪಸು ಹೋದೆ. ಮಾರ್ಗದರ್ಶಕರನ್ನು ಕೇಳಲಿಲ್ಲ, ಉಪಕರಣ ಒಯ್ಯಲಿಲ್ಲ. ಬೆಳಗಿನ ಹಂಡೆ ಇನ್ನೂ ಒಲೆಯ ಮೇಲಿತ್ತು. ಒಂದೊಂದೇ ಮೆಟ್ಟುಗತ್ತಿಯನ್ನು ಎತ್ತಿ ಹೊರಗಿನ ತೆರೆದ ಚಪ್ಪರಕ್ಕೆ ತಂದಿಟ್ಟೆ. ಒಂಬತ್ತಿದ್ದವು. ಮೂರನೆಯದಕ್ಕೆ ಗಂಗಮ್ಮ ಬಂದು ನನ್ನ ಕೈ ಹಿಡಿದರು.

"ಏನ್ ಮಾಡಾಕೆ ಹತ್ತೀಯವ್ವ ನೀನು?"

"ಬೆಂಕಿ ಮಲಗಿಸಿದ ಮೇಲೆ ಒಳಗಿನ ಗಾಳಿ ವಿಷ ಆಗ್ತೈತೆ. ಹೊಗೆ ಇಲ್ಲದಿದ್ರೂ ಆಗ್ತೈತೆ. ರೇಣುಕಂದು ಪಿತ್ತ ಅಲ್ಲ."

"ಖಚಿತಾನಾ?"

"ಹೌದು."

"ಅವ್ರು ಇದ್ದಾಗ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ನನ್ನ ಕೈ ಬಿಟ್ಟರು. ಒಲೆಯ ಹತ್ತಿರ ಹೋಗಿ, ನನಗೆ ಬೆನ್ನು ಹಾಕಿ ಕೂತರು. ನಾನು ಉಳಿದ ಆರನ್ನೂ ಹೊರಗೆ ತಂದೆ. ಮಧ್ಯಾಹ್ನ, ಹಂಡೆ ಇಳಿದು ಬೆಂಕಿ ಮಲಗಿಸುವ ಹೊತ್ತಿಗೆ, ಮಳೆ ಹಿಡಿಯಿತು. ಚಪ್ಪರ ಸೋರತೊಡಗಿತು. ಹೆಂಗಸರು ಗೊಣಗುತ್ತ ಎದ್ದರು. ರೇಣುಕಾ ಎಲ್ಲರಿಗಿಂತ ಮೊದಲು ತನ್ನ ಮೆಟ್ಟುಗತ್ತಿ ಎತ್ತಿಕೊಂಡು ಬಂದಳು. ನಾನು ಶೆಡ್ಡಿನ ಬಾಗಿಲಿಗೆ ಅಡ್ಡ ನಿಂತೆ.

"ದಾರಿ ಬಿಡ್ರಿ ಮೇಡಮ್ಮ, ತೊಯ್ದು ತೊಪ್ಪೆ ಆಗ್ತೀವಿ!"

"ಆಗ್ರಿ," ಎಂದೆ.